ಕನ್ನಡಿಯ ಹನ್ನೊಂದನೇ ತಿಂಗಳು

ನಮ್ಮ ಕಾರ್ಖಾನೆಯಲ್ಲಿ ಹೊಸ ಕುರ್ಚಿ ಮಾಡುವುದಿಲ್ಲ. ಕಾಲು ಮುರಿದದ್ದು, ಬೆನ್ನು ಸಡಿಲವಾದದ್ದು, ಬೆಕ್ಕು ಪರಚಿದ್ದು, ಮೂರು ತಲೆಮಾರಿನವರು ಕೂತು ಕೂತು ಕುಳಿ ಬಿದ್ದದ್ದು, ಇಂಥವೇ ಬರುತ್ತವೆ. ಮರದ ರಿಪೇರಿ ಮೇಸ್ತ್ರಿಯದು, ಕುಶನ್ ನನ್ನದು, ಪಾಲಿಶ್ ಕನ್ನಡಿಯದು, ಗಿರಾಕಿಗಳ ಜೊತೆ ಜಗಳ ಯಜಮಾನಿಯದು. ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ, ಹಾಗಾಗಿ ಎಲ್ಲರಿಗೂ ನಾನು ಸೂಜಕ್ಕ. ಚುಚ್ಚಿ ಚುಚ್ಚಿ ಮಾತಾಡುವುದಕ್ಕೇ ಆ ಹೆಸರು ಬಂತು ಎಂದು ನನ್ನ ಗಂಡ ಹೇಳುತ್ತಾರೆ. ಪಾಪ, ಅವರಿಗೆ ಮನೆಯಲ್ಲಿ ಮಾತಾಡಲು ಸಿಗುವುದೇ ಅಷ್ಟು ಹೊತ್ತು, ಹೇಳಿಕೊಳ್ಳಲಿ.

ಕನ್ನಡಿಗೆ ಆ ಹೆಸರು ಬಂದದ್ದು ಕೈಗುಣದಿಂದ. ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಉಂಡೆ ಕಟ್ಟಿ, ಅದನ್ನು ಅದ್ದಿ ಮರದ ಮೇಲೆ ಸುತ್ತು ಸುತ್ತಾಗಿ ತಿಕ್ಕುತ್ತಾನೆ. ಒಂದು ಕೋಟು ಹಾಕುವುದು, ಒಣಗಲು ಬಿಡುವುದು, ಇನ್ನೊಂದು ಕೋಟು ಹಾಕುವುದು. ಹೀಗೆ ಇಪ್ಪತ್ತು, ಮೂವತ್ತು. ಕೊನೆಗೆ ಆ ಮೇಜಿನ ಮೇಲೆ ಬಗ್ಗಿದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದೂ ಕಾಣುತ್ತದೆ. ಹದಿನೆಂಟು ವರ್ಷದಿಂದ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತೇವೆ. ನನಗಿಂತ ಹತ್ತು ವರ್ಷ ಚಿಕ್ಕವನು. ಒಡಹುಟ್ಟಿದವರ ಜೊತೆಯಲ್ಲೂ ನಾನು ಅಷ್ಟು ವರ್ಷ ಜಗಳವಿಲ್ಲದೆ ಇದ್ದದ್ದಿಲ್ಲ.

ಕುಡಿತವನ್ನೂ ಅವನು ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದ. ಮಧ್ಯಾಹ್ನ ಡಬ್ಬಿ ತೊಳೆದು ಬರುತ್ತೇನೆಂದು ಹೋದವನು ಅರ್ಧ ಗಂಟೆ ಬಿಟ್ಟು ಕೆಂಪು ಕಣ್ಣು ಹೊತ್ತುಕೊಂಡು ಬರುತ್ತಿದ್ದ. ಯಾರಾದರೂ ಮೂಗು ಅರಳಿಸಿದರೆ ಸಾಕು, ಎರಡೂ ಕೈಗಳನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದ.

“ಪಾಲಿಶ್ ಮಾಡೋನ ಕೈ ಸ್ಪಿರಿಟ್ ವಾಸನೆ ಹೊಡೀದೆ ಮಲ್ಲಿಗೆ ವಾಸನೆ ಹೊಡೆಯುತ್ತಾ?”

ಇದಕ್ಕೆ ಏನು ಹೇಳುತ್ತೀರಿ? ಹತ್ತು ವರ್ಷ ಇದೊಂದೇ ಉತ್ತರದಲ್ಲಿ ಕಾಲ ಹಾಕಿದ. ಒಮ್ಮೆ ಯಾರೋ ಹಳೇ ಗಡಿಯಾರದ ಪೆಟ್ಟಿಗೆ ಕೊಟ್ಟಿದ್ದರು. ಗಿರಾಕಿಯ ಹೆಸರು ಬರೆದು ಅದರ ಮೇಲೆ ಅಂಟಿಸಿದ್ದ ಚೀಟಿಯ ಸಮೇತ ಇಪ್ಪತ್ತು ಕೋಟು ಹೊಡೆದಿದ್ದ. ಆ ಚೀಟಿ ಈಗಲೂ ಅಲ್ಲೇ ಫಳಫಳ ಹೊಳೆಯುತ್ತಿದೆಯಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗಬಾರದಿತ್ತು, ಆದರೂ ನಕ್ಕೆವು.

ಅವನ ಮಗಳ ಶಾಲೆಯ ವಾರ್ಷಿಕೋತ್ಸವದ ದಿನ ಮಾತ್ರ ಯಾರೂ ನಗಲಿಲ್ಲ. ಹತ್ತು ವರ್ಷದ ಆ ಹುಡುಗಿ ಡ್ಯಾನ್ಸ್ ಮಾಡಬೇಕಿತ್ತು. ಇವನು ಎರಡನೇ ಸಾಲಿನಲ್ಲಿ ಎದ್ದು ನಿಂತು “ಭೇಷ್ ಮಗಳೇ!” ಎಂದು ಕೂಗಿ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ. ವೇದಿಕೆಯ ಮೇಲಿದ್ದದ್ದು ಬೇರೆ ಯಾರದೋ ಮಗು. ಇವನದು ಪರದೆಯ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಾ ನಿಂತು ಅಪ್ಪನನ್ನೇ ನೋಡುತ್ತಿತ್ತು. ಆ ದಿನ ಅವಳು ವೇದಿಕೆ ಹತ್ತಲೇ ಇಲ್ಲ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಎರಡು ಚೀಲ ತುಂಬಿದಳು. ಅವಳು ನಮ್ಮ ಮೇಸ್ತ್ರಿಯ ಸ್ವಂತ ತಂಗಿ, ಕಿರುಚುವ ಜಾತಿಯಲ್ಲ. “ಒಂದು ವರ್ಷ, ಒಂದು ತೊಟ್ಟೂ ಮುಟ್ಟದೆ ಇರಿ. ನಾನೇ ಬಂದು ಬಾಗಿಲು ತಟ್ತೀನಿ. ಆಗದಿದ್ರೆ ನಮ್ಮನ್ನ ಮರೆತುಬಿಡಿ,” ಎಂದು ಹೇಳಿ, ಮಗಳನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ತಾಯಿ ಮನೆಗೆ ಹೋದಳು. ಇವನು ತಿಂಗಳಿಗೊಮ್ಮೆ ಮೇಸ್ತ್ರಿಯ ಜೊತೆ ಹೋಗಿ ಒಂದು ಗಂಟೆ ಮಗಳನ್ನು ನೋಡಿ ಬರಬಹುದು, ಅಷ್ಟೇ.

ಬಿಟ್ಟ ನೋಡಿ! ಮೂರು ವಾರ ಆಸ್ಪತ್ರೆಯಲ್ಲಿದ್ದ. ಆಮೇಲೆ ಪ್ರತಿ ಮಂಗಳವಾರ ಸಂಜೆ ಕುಡಿತ ಬಿಟ್ಟವರ ಸಭೆ. ಇನ್ನು ಕಾರ್ಖಾನೆಯೊಳಗೆ ಸ್ಪಿರಿಟ್ ಡಬ್ಬ ಬರಕೂಡದು, ಎಲ್ಲಾ ನೀರಿನ ಪಾಲಿಶ್ ಎಂದು ಯಜಮಾನಿ ಹುಕುಂ ಹೊರಡಿಸಿದರು. ವಾಸನೆ ಬಂದರೆ ಅದು ಯಾವ ವಾಸನೆ ಎಂದು ಯಾರಿಗೂ ಅನುಮಾನ ಬರದಿರಲಿ ಎಂದು. ಕನ್ನಡಿಗೆ ನೀರಿನ ಪಾಲಿಶ್ ಕಂಡರೆ ಆಗದು. “ಮುಖ ತೊಳೆದ ಹಾಗಿದೆ ಅಷ್ಟೇ, ಕಳೆ ಎಲ್ಲಿದೆ?” ಎಂದು ಗೊಣಗುತ್ತಲೇ ಹಚ್ಚುತ್ತಿದ್ದ.

ಆಸ್ಪತ್ರೆಯ ಸಮಾಲೋಚಕಿ ನನ್ನನ್ನೂ ಒಮ್ಮೆ ಕರೆಸಿದ್ದರು. ಸ್ನೇಹಿತರಾದವರು ಮಾಡಬೇಕಾದ ದೊಡ್ಡ ಕೆಲಸ ಎಂದರೆ ಕೇಳಿಸಿಕೊಳ್ಳುವುದು ಎಂದರು. ಕೇಳಿಸಿಕೊಳ್ಳುವುದು ಹೇಗೆ ಎಂದು ನಾನು ಅವರಿಗೆ ಇಪ್ಪತ್ತು ನಿಮಿಷ ವಿವರಿಸಿ ಬಂದೆ. ಕನ್ನಡಿಯ ಮನೆಯ ಇನ್ನೊಂದು ಬೀಗದ ಕೈ ಅವತ್ತಿನಿಂದ ನನ್ನ ಹತ್ತಿರವೇ ಇತ್ತು.

ಹನ್ನೊಂದು ತಿಂಗಳು ಕಳೆಯಿತು. ವರ್ಷ ತುಂಬಲು ಇನ್ನು ಇಪ್ಪತ್ತಾರೇ ದಿನ. ಸೋಮವಾರ ಬೆಳಿಗ್ಗೆ ಕನ್ನಡಿ ನನ್ನ ಪಕ್ಕದಿಂದ ಹಾದುಹೋದ, ನನ್ನ ಸೂಜಿ ಅಲ್ಲೇ ನಿಂತಿತು. ಸ್ಪಿರಿಟ್ ವಾಸನೆ! ಸಣ್ಣಗೆ, ಅಂಗಿಯ ತೋಳಿನಿಂದಲೋ ಉಸಿರಿನಿಂದಲೋ, ಎಲ್ಲಿಂದಲೋ ಬಂತು. ಕಾರ್ಖಾನೆಯಲ್ಲಿ ಒಂದು ಹನಿ ಸ್ಪಿರಿಟ್ ಇಲ್ಲ. ಮತ್ತೆ ಎಲ್ಲಿಂದ?

“ಸೂಜಕ್ಕ, ನಿನಗೆ ಒಂದು ವಿಷಯ ಹೇಳ್ಬೇಕಿತ್ತು,” ಎಂದ.

“ಈಗ ಬೇಡಪ್ಪ. ಲೆಕ್ಕ ತಪ್ಪಿದರೆ ಈ ಕುಶನ್ ಬಟನ್ ಎಲ್ಲಾ ಮತ್ತೆ ಕೀಳ್ಬೇಕು.”

ಸುಳ್ಳು. ಕಣ್ಣು ಮುಚ್ಚಿಕೊಂಡು ಬಟನ್ ಹಾಕುವವಳು ನಾನು. ಅವನು ಏನು ಹೇಳಿಬಿಡುತ್ತಾನೋ ಎಂದು ಹೆದರಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮತ್ತೆ “ಸೂಜಕ್ಕ...” ಎಂದ. ನಾನು ನನ್ನ ಗಂಡನ ಮಂಡಿನೋವಿನ ಕಥೆ ಶುರುಮಾಡಿ, ಎಡಮಂಡಿ ಮುಗಿಸಿ, ಬಲಮಂಡಿಯನ್ನೂ ಮುಗಿಸಿ, ಕೈ ತೊಳೆಯಲು ಎದ್ದುಬಿಟ್ಟೆ. ಅವನು ಡಬ್ಬಿಯನ್ನು ಹಾಗೇ ಮುಚ್ಚಿದ. ತುತ್ತು ಮುಟ್ಟಿರಲಿಲ್ಲ.

ಸಂಜೆ ಮೇಸ್ತ್ರಿ ನನ್ನನ್ನು ಮರದ ಹಲಗೆಗಳ ಹಿಂದೆ ಕರೆದರು. “ನಿನಗೂ ಬಂತಾ ವಾಸನೆ?”

“ಯಾವ ವಾಸನೆ?”

“ನಾಟಕ ಬೇಡ. ಮತ್ತೆ ಶುರುಹಚ್ಕೊಂಡಿದ್ದಾನೆ. ಇವತ್ತೇ ತಂಗಿಗೆ ಫೋನ್ ಮಾಡಿ ಹೇಳಿಬಿಡ್ತೀನಿ. ಪಾಪ, ಅವಳು ವಾಪಸ್ ಬರ್ತೀನಿ ಅಂತ ಸಾಮಾನು ಕಟ್ಟೋಕೆ ರಟ್ಟಿನ ಪೆಟ್ಟಿಗೆ ಸೇರಿಸ್ತಾ ಕೂತಿದ್ದಾಳೆ.”

ಆ ರಟ್ಟಿನ ಪೆಟ್ಟಿಗೆಯ ಮಾತು ಕೇಳಿ ನಾನು ಅವರ ದಾರಿಗೆ ಅಡ್ಡ ನಿಂತೆ. “ನಾಳೆ ಸಂಜೆವರೆಗೆ ತಡೀರಿ ಮೇಸ್ತ್ರಿ. ಕಣ್ಣಾರೆ ಕಾಣದೆ ಒಂದು ಸಂಸಾರ ಮುರಿದ ಪಾಪ ನಿಮಗೆ ಯಾಕೆ?” ಎಂದೆ. ಅವರು ಗಡ್ಡ ಕೆರೆದುಕೊಂಡು ಒಪ್ಪಿದರು.

ನೆಟ್ಟಗೆ ಕನ್ನಡಿಯನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದೆ. ನನಗೆ ಬೇಕಿದ್ದದ್ದು ಉತ್ತರವಲ್ಲ, ಅವನು ಕುಡಿದಿಲ್ಲ ಎಂಬ ಸಾಕ್ಷಿ. ಮಂಗಳವಾರ ಮಧ್ಯಾಹ್ನ, ದಾರ ತರಬೇಕು ಎಂದು ಯಜಮಾನಿಗೆ ಹೇಳಿ, ಎರಡು ಬೀದಿ ದಾಟಿ, ಅವನ ಮನೆಯ ಮೆಟ್ಟಿಲು ಹತ್ತಿ, ಬೀಗ ತೆಗೆದು ಒಳಗೆ ಹೋದೆ.

ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಹಿಂದೆ ಅಂಗೈಯಗಲದ ಬಾಲ್ಕನಿ. ಮಂಚದ ಕೆಳಗೆ ನುಗ್ಗಿದೆ. ಹಿಟ್ಟಿನ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿದೆ. ಮೊದಲೆಲ್ಲ ಫ್ಲಶ್ ಟ್ಯಾಂಕಿನಲ್ಲಿ ಬಾಟಲಿ ಮುಳುಗಿಸಿಡುತ್ತಿದ್ದೆ ಎಂದು ಅವನೇ ಹೇಳಿದ್ದ. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ಎತ್ತಿದೆ. ಬಕೆಟ್ ಜಾರಿತು, ನಾನು ಗೋಡೆಗೆ ಆತುಕೊಂಡೆ, ಸರಪಳಿ ಎಳೆದುಹೋಗಿ ನೀರು ಭರ್ರೆಂದು ಹೋಯಿತು. ಯಾರದೋ ಮನೆಯ ಕಕ್ಕಸಿನಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ತಲೆಗೆ ಜೇಡರಬಲೆ ಸುತ್ತಿಕೊಂಡು ನಿಂತಿದ್ದೆ. ನನ್ನ ಗಂಡ ನೋಡಿದ್ದರೆ ಸಾಯುವವರೆಗೆ ಹೇಳಿ ಹೇಳಿ ನಗುತ್ತಿದ್ದರು.

ಬಾಲ್ಕನಿಯಲ್ಲಿ ಹಳೇ ಹಾಸಿನ ಕೆಳಗೆ ಏನೋ ನಿಂತಿತ್ತು. ಹಾಸು ಎಳೆದೆ. ಪುಟ್ಟದೊಂದು ಓದುವ ಮೇಜು. ಎರಡು ಡ್ರಾಯರ್, ಪೆನ್ಸಿಲ್ ಇಡಲು ಕೊರೆದ ಒಂದು ಸಣ್ಣ ಕುಳಿ, ಮಗುವಿನ ಮಂಡಿಗೆ ತಾಗದಂತೆ ದುಂಡಗೆ ಮಾಡಿದ ಅಂಚು. ಅದರ ಮೇಲೆ ಬಗ್ಗಿದರೆ ನನ್ನ ಮುಖ, ಬೆವರು, ಜೇಡರಬಲೆ ಎಲ್ಲಾ ಸ್ಪಷ್ಟವಾಗಿ ಕಂಡವು. ನೀರಿನ ಪಾಲಿಶ್‌ನಲ್ಲಿ ಏಳು ಜನ್ಮಕ್ಕೂ ಈ ಹೊಳಪು ಬರುವುದಿಲ್ಲ. ಪಕ್ಕದಲ್ಲೇ ಅರಗು ಕರಗಿಸಿದ ಡಬ್ಬ, ಸ್ಪಿರಿಟ್ ಕ್ಯಾನು, ಮುಚ್ಚಳ ಹಾಕಿದ ಡಬ್ಬಿಯಲ್ಲಿ ಇನ್ನೂ ಒದ್ದೆಯಿದ್ದ ಹತ್ತಿಯುಂಡೆ. ಅಯ್ಯೋ ನನ್ನಪ್ಪನೇ, ಮಗಳಿಗೆ ಕದ್ದುಮುಚ್ಚಿ ಮೇಜು ಮಾಡುತ್ತಿದ್ದೀಯಾ! ವಾಸನೆ ಇದರದ್ದಾ! ನಾನು ಅಲ್ಲೇ ನೆಲದ ಮೇಲೆ ಕೂತು ಸ್ವಲ್ಪ ಅತ್ತೆ. ಆಮೇಲೆ ಹತ್ತಿಯುಂಡೆಯನ್ನು ಎತ್ತಿಕೊಂಡು ಓಡಿದೆ.

“ಮೂಸಿ ನೋಡಿ!” ಎಂದು ಕಾರ್ಖಾನೆಯ ಬಾಗಿಲಲ್ಲೇ ಕೂಗಿ, ಉಂಡೆಯನ್ನು ಮೇಸ್ತ್ರಿಯ ಮೂಗಿಗೆ ಹಿಡಿದೆ. “ನಿಮ್ಮ ಅನುಮಾನಕ್ಕೆ ಬೆಂಕಿ ಬೀಳ! ಮಗಳು ಬರ್ತಾಳೆ ಅಂತ ಮನೇಲಿ ಸ್ಪಿರಿಟ್ ಪಾಲಿಶ್ ಹೊಡೀತಿದ್ದಾನೆ ಪಾಪ. ಪಾಲಿಶ್ ಮಾಡೋನ ಕೈ ಮತ್ತೇನು ವಾಸನೆ ಹೊಡೀಬೇಕು?”

ಯಜಮಾನಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಮೇಜಿನ ವರ್ಣನೆ ಮಾಡಿದೆ, ಡ್ರಾಯರ್ ಎಷ್ಟು ಹಗುರಾಗಿ ಜಾರುತ್ತದೆ ಎಂದು ಕೈಯಲ್ಲೇ ತೋರಿಸಿದೆ. ಮೇಸ್ತ್ರಿ ಉಳಿ ಕೆಳಗಿಟ್ಟು ಕನ್ನಡಿಯ ಹತ್ತಿರ ಹೋಗಿ ಅವನ ಭುಜ ಹಿಡಿದರು.

“ನನ್ನಿಂದ ತಪ್ಪಾಯ್ತು ಕಣೋ. ತಂಗಿಗೆ ಹೇಳೇಬಿಡ್ತಿದ್ದೆ.”

ಕನ್ನಡಿ ಬಾಯಿ ತೆರೆದ. “ಭಾವ...”

“ಅವನಿಗೇನೂ ಬೇಜಾರಿಲ್ಲ ಬಿಡಿ!” ಎಂದು ನಾನು ನಡುವೆ ಬಾಯಿ ಹಾಕಿದೆ. “ಎಲ್ಲರಿಗೂ ಟೀ ತರಿಸಿ, ಮೇಸ್ತ್ರಿ ಕೊಡಿಸ್ತಾರೆ!” ಎಲ್ಲರೂ ನಕ್ಕರು. ಟೀ ಬಂತು. ನಾನು ಗೆದ್ದ ಖುಷಿಯಲ್ಲಿ ಎರಡು ಲೋಟ ಕುಡಿದೆ. ಕನ್ನಡಿಯ ಲೋಟ ಹಾಗೇ ಇತ್ತು, ಅವನು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿದ್ದ.

ಹಿಂದೆಯೇ ಹೋದೆ. ಮರದ ಹೊಟ್ಟು ತುಂಬಿದ ಚೀಲಗಳ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಮೇಜಿನ ಗುಟ್ಟು ರಟ್ಟು ಮಾಡಿದೆ ಅಂತ ಮುನಿಸಾ? ಮಗಳಿಗೆ ಯಾರೂ ಹೇಳಲ್ಲ ಮಾರಾಯ.”

“ಸೂಜಕ್ಕ, ನಾನು ಕುಡಿದಿದ್ದೆ.”

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವನು ನೆಲ ನೋಡುತ್ತಲೇ ಹೇಳಿದ. ಭಾನುವಾರ ಮಧ್ಯಾಹ್ನ. ಕೊನೆಯ ಕೋಟಿಗೆಂದು ಸ್ಪಿರಿಟ್ ಕ್ಯಾನ್ ಬಿಚ್ಚಿದ್ದಾನೆ. ಹನ್ನೊಂದು ತಿಂಗಳಾದ ಮೇಲೆ, ಶನಿವಾರದಿಂದ ಮತ್ತೆ ಆ ವಾಸನೆ. ಪಾಲಿಶ್ ಸ್ಪಿರಿಟ್ ವಿಷ, ಕಣ್ಣೂ ಹೋಗುತ್ತದೆ ಪ್ರಾಣವೂ ಹೋಗುತ್ತದೆ ಎಂದು ಅವನಿಗೆ ಗೊತ್ತು, ಅದನ್ನು ಮುಟ್ಟಲಿಲ್ಲ. ಆದರೆ ಬಾಯಲ್ಲಿ ನೀರೂರಿತ್ತು. ಮೇಜು ಮುಗಿಸಿದ, ಅಂಗಿ ಬದಲಾಯಿಸಿದ, ಮೂಲೆಯ ಬಾರಿಗೆ ಹೋದ. ಒಂದು ಗ್ಲಾಸ್ ಕುಡಿದು, ಇನ್ನೊಂದು ಹೇಳಿ, ಅದರಲ್ಲಿ ಅರ್ಧ ಬಿಟ್ಟು ಎದ್ದು ಬಂದ. ಮನೆಗೆ ಬಂದು ಆ ಮೇಜಿನ ಮುಂದೆ ಕೂತರೆ ಅದರಲ್ಲಿ ಅವನದೇ ಮುಖ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಇಪ್ಪತ್ತಾರು ದಿನ ತಡಿಯೋಕೆ ಆಗಲಿಲ್ವಾ ನಿನಗೆ? ಕತ್ತೆ!” ಎಂದು ಬೈದೆ. ಬೈದು, ಸುತ್ತ ನೋಡಿ, ಅವನ ಪಕ್ಕ ಕೂತು ದನಿ ತಗ್ಗಿಸಿದೆ. “ಸರಿ, ಆದದ್ದಾಯ್ತು. ಒಂದೂವರೆ ಗ್ಲಾಸ್. ಯಾರು ನೋಡಿದ್ದಾರೆ? ಮೇಸ್ತ್ರಿನೇ ಬಂದು ಭುಜ ಹಿಡಿದಾಯ್ತು. ಬಾಯಿ ಮುಚ್ಕೊಂಡು ಇಪ್ಪತ್ತೈದು ದಿನ ಇರು. ಅವಳು ಬಂದು ಬಾಗಿಲು ತಟ್ಲಿ. ಆಮೇಲೆ ಜನ್ಮದಲ್ಲಿ ಮುಟ್ಟಬೇಡ.”

“ಹಾಗೇ ಅಂದ್ಕೊಂಡಿದ್ದೆ ನಾನೂ, ಭಾನುವಾರ,” ಎಂದ. “ನಿನ್ನೆ ಬೆಳಿಗ್ಗೆ ತಡೀಲಾರದೆ ನಿನಗೆ ಹೇಳೋಕೆ ಬಂದೆ. ನೀನು ಬಟನ್ ಎಣಿಸಿದೆ. ಮಧ್ಯಾಹ್ನ ಬಂದೆ, ಮಂಡಿನೋವು ಹೇಳಿದೆ. ಈಗ ಒಳಗೆ ಭಾವನ ಮುಂದೆ ಹೇಳೋಕೆ ಹೋದೆ, ಟೀ ತರಿಸಿದೆ.”

“ನಿನ್ನ ಪರವಾಗಿ ತಾನೇ ಮಾತಾಡಿದ್ದು ನಾನು?”

“ಹೌದು. ಹತ್ತು ವರ್ಷ ಎಲ್ಲರ ಮುಂದೆ ಕೈ ಚಾಚಿ ನಾನು ಹೇಳ್ತಿದ್ದ ಸುಳ್ಳನ್ನೇ ಇವತ್ತು ನೀನು ನನ್ನ ಪರವಾಗಿ ಹೇಳಿದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದ್ರೆ, ನನಗೂ ನಂಬಬೇಕು ಅನ್ನಿಸ್ತು. ಈ ಸುಳ್ಳು ಇಟ್ಕೊಂಡು ಅವಳ ಜೊತೆ ಸಂಸಾರ ಮಾಡೋಕೆ ನನ್ನಿಂದ ಆಗಲ್ಲ ಸೂಜಕ್ಕ. ಮತ್ತೆ ಕುಡೀಲೇಬೇಕಾಗುತ್ತೆ.”

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಅವನ ಮೇಲೆ ಇಟ್ಟಿದ್ದದ್ದು ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ದಿನ ಅವನು ಒಂದು ಮಾತು ಹಿಡಿದುಕೊಂಡು ನನ್ನ ಹಿಂದೆ ಹಿಂದೆ ಅಲೆದಿದ್ದಾನೆ, ನಾನು ಅವನ ಫ್ಲಶ್ ಟ್ಯಾಂಕಿನೊಳಗೆ ಇಣುಕುತ್ತಿದ್ದೆ.

“ಏಳು ಗಂಟೆಗೆ ಸಭೆ ಇದೆ. ಅದಕ್ಕೆ ಮುಂಚೆ ಅವಳ ಹತ್ತಿರ ಹೋಗ್ತೀನಿ,” ಎಂದ. “ಬರ್ತೀಯಾ? ಏನೂ ಮಾತಾಡೋದು ಬೇಡ. ಪಕ್ಕದಲ್ಲಿ ಕೂತಿರು ಸಾಕು.”

ಒಳಗೆ ಹೋಗಿ ಮೇಸ್ತ್ರಿಗೆ ಅವನೇ ಹೇಳಿದ. “ಭಾವ, ಸೂಜಕ್ಕ ಹೇಳಿದ್ದರಲ್ಲಿ ಮೇಜು ನಿಜ. ಆದರೆ ಭಾನುವಾರ ಕುಡಿದಿದ್ದೂ ನಿಜ.” ಮೇಸ್ತ್ರಿ ಅರ್ಧ ರಿಪೇರಿಯಾದ ಕುರ್ಚಿಯ ಮೇಲೆ ಹಾಗೇ ಕೂತುಬಿಟ್ಟರು. ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಯಜಮಾನಿ ಏನೂ ಕೇಳದೆ ಇಬ್ಬರಿಗೂ ರಜೆ ಕೊಟ್ಟರು.

ಎರಡು ಬಸ್ ಬದಲಾಯಿಸಬೇಕು. ಮೊದಲ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಿದ್ದ. ಎರಡನೆಯದರಲ್ಲಿ “ವಾಪಸ್ ಹೋಗಿಬಿಡೋಣ್ವಾ?” ಎಂದ. ಹೋಗೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡು ಅವನ ಕೈ ಹಿಡಿದುಕೊಂಡೆ. ಇಳಿಯುವ ಸ್ಟಾಪ್ ಬಂದಾಗ ಮೊದಲು ಎದ್ದವನು ಅವನೇ.

ಅವನ ಹೆಂಡತಿ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲ ಹಿಂದೆ ರಟ್ಟಿನ ಪೆಟ್ಟಿಗೆಗಳು ಒಂದರೊಳಗೊಂದು ಕೂತಿದ್ದವು. ಮಗಳು ಲೆಕ್ಕದ ಪುಸ್ತಕ ಬಿಟ್ಟು “ಅಪ್ಪ!” ಎಂದು ಎದ್ದು ಬಂದಳು, ನಂತರ ಅಪ್ಪನ ಮುಖ ನೋಡಿ ಅಲ್ಲೇ ನಿಂತಳು. ಅಜ್ಜಿಯ ಹತ್ತಿರ ಹೋಗು ಎಂದರೂ ಹೋಗಲಿಲ್ಲ. “ಇರಲಿ, ಅವಳೂ ಕೇಳಲಿ,” ಎಂದು ಕನ್ನಡಿ ಹೇಳಿದ. ಆಮೇಲೆ, ನಿಂತುಕೊಂಡೇ, ಎಲ್ಲಾ ಹೇಳಿದ. ಸ್ಪಿರಿಟ್ ಕ್ಯಾನು, ಬಾರು, ಒಂದು ಗ್ಲಾಸ್, ಇನ್ನರ್ಧ ಗ್ಲಾಸ್. ಮೇಜನ್ನು ಯಾರಿಗಾಗಿ ಮಾಡುತ್ತಿದ್ದೆ ಎಂದು ಮಾತ್ರ ಹೇಳಲಿಲ್ಲ. ಏನೋ ಒಂದು ಕೆಲಸ ಎಂದ. ಮಗಳಿಗಾಗಿ ಎಂದು ಕೂಗಿ ಹೇಳಬೇಕೆಂದು ನನ್ನ ಪ್ರಾಣ ಒದ್ದಾಡಿತು. ಕೈಚೀಲದ ಹಿಡಿಯನ್ನು ಹಿಸುಕುತ್ತಾ ಕೂತೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ಅಣ್ಣ ಕಂಡುಹಿಡಿದು ಕಳಿಸಿದ್ನಾ?”

“ಇಲ್ಲ. ಭಾವ ನಂಬಿದ್ರು, ನಾನು ಕುಡಿದಿಲ್ಲ ಅಂತ.”

“ಮತ್ತೆ ಸೂಜಕ್ಕ ಹೇಳಿದ್ರಾ, ಹೋಗಿ ಒಪ್ಕೋ ಅಂತ?”

ಇಬ್ಬರೂ ನನ್ನ ಕಡೆ ತಿರುಗಿದರು. ಹೌದು ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. “ಇಲ್ಲಮ್ಮ,” ಎಂದೆ. “ಮುಚ್ಚಿಡು ಅಂದವಳು ನಾನು. ನನ್ನ ಮಾತು ಮೀರಿ ಬಂದಿದ್ದಾನೆ.”

ಅವಳು ಆ ಪುಟ್ಟ ಅಂಗಿಯ ಕಾಲರನ್ನು ಕೈಯಲ್ಲೇ ನೀವುತ್ತಾ ನಿಂತಳು. ಒಳಗೆ ಅವಳ ತಾಯಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

“ವರ್ಷ ಮತ್ತೆ ಮೊದಲಿಂದ,” ಎಂದಳು. “ಅದರಲ್ಲಿ ಬದಲಾವಣೆ ಇಲ್ಲ.”

“ಹೂಂ,” ಎಂದ ಕನ್ನಡಿ. ಮಗಳು ಬಾಗಿಲ ಹಿಂದಿನ ಪೆಟ್ಟಿಗೆಗಳನ್ನು ನೋಡಿದಳು, ಅವಳ ಕಣ್ಣು ತುಂಬಿತು. ಅವನು ಹೊರಡಲು ತಿರುಗಿದ.

“ಎಲ್ಲಿಗೆ? ಇನ್ನೂ ಮುಗಿಸಿಲ್ಲ ನಾನು,” ಎಂದಳು ಅವಳು. ದನಿ ಒಡೆದಿತ್ತು. “ಹದಿನಾಲ್ಕು ವರ್ಷದಲ್ಲಿ, ನಾನು ಹಿಡಿಯೋಕೆ ಮುಂಚೆ ನೀವೇ ಬಂದು ಹೇಳಿದ್ದು ಇದೇ ಮೊದಲು. ಭಾನುವಾರ ಮಧ್ಯಾಹ್ನ ಒಬ್ಬರೇ ಇರಬೇಡಿ ಇನ್ನು. ಬೆಳಿಗ್ಗೆನೇ ಇಲ್ಲಿಗೆ ಬನ್ನಿ, ಪ್ರತಿ ಭಾನುವಾರ. ಅಣ್ಣನ ಜೊತೆ ಬೇಡ, ನೀವೊಬ್ಬರೇ ಬನ್ನಿ.”

ಕನ್ನಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ನೆಲದ ಮೇಲೆ ಕೂತು, ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಅಂಗಿಯನ್ನು ಮಡಿಸಿಟ್ಟು, ಬಂದು ಅವನ ಪಕ್ಕದಲ್ಲಿ ಕೂತಳು.